ಮುರಿದು ನೋಡಿದ ಬಾಳೆಹಣ್ಣು

ನನ್ನ ಹೆಂಡತಿ ಬಾಳೆಹಣ್ಣನ್ನು ಎರಡಾಗಿ ಮುರಿದು ಒಳಗೆ ನೋಡದೆ ತಿನ್ನುವುದಿಲ್ಲ. ಮೊಮ್ಮಕ್ಕಳು ನಗುತ್ತಾರೆ. ನಾನು ಪೇಪರಿನಲ್ಲಿ ಮುಖ ಹುದುಗಿಸುತ್ತೇನೆ. ಇವತ್ತು ಸೂಪರ್ ಮಾರ್ಕೆಟ್‌ನಿಂದ ಕಮಲಾಪುರದ ಕೆಂಪು ಬಾಳೆ ಬಂದಿದೆ. ಮನೆಯೆಲ್ಲ ಅದರದೇ ವಾಸನೆ. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ. ಉಬ್ಬಸಕ್ಕೆ ಹೊಸ ಗುಳಿಗೆ ಶುರುವಾದಾಗಿನಿಂದ ಹೀಗೆ. ಚಹಾ ಆರಿದೆ ಎಂದು ಸೊಸೆಗೆ ಬೈದೆ. ಬೈದು ಮುಗಿಸಿ ಮುಟ್ಟಿದರೆ ಬಟ್ಟಲು ಸುಡುತ್ತಿತ್ತು. ಈ ಸಾಲು ಬರೆಯುವಷ್ಟರಲ್ಲೇ ಎದ್ದು ಅಂಗಳಕ್ಕೆ ಹೋಗಿಬಂದೆ, ಸಹಿಸಿಕೊಳ್ಳಿ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವರ್ಷ ಹೆಂಡತಿ ಮದುವೆಯಾಗಿ ಕಮಲಾಪುರದಿಂದ ಹೊಸದಾಗಿ ನಮ್ಮ ಕಲಬುರಗಿ ಮನೆಗೆ ಬಂದಿದ್ದಳು. ಮೆಟ್ರಿಕ್ ಪಾಸಾದ ನಾನು ಮನೆಯ ಅರ್ಧ ಡಾಕ್ಟರು. ಡಬ್ಬಿಯ ಮೇಲಿನ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಅವಳಿಗೆ ಚಳಿಜ್ವರ ಬಂದಾಗ ದವಾಖಾನೆಯಿಂದ ಹಳದಿ ಗುಳಿಗೆ ತಂದೆ. ಜ್ವರ ಇಳಿಯಿತು, ಅವಳು ಬದಲಾದಳು. ನಿದ್ದೆಯಿಲ್ಲ, ಒಂದೇ ಸಮ ಮಾತು, ಬಾಗಿಲು ಸಪ್ಪಳವಾದರೆ ನಡುಕ. ಲೂಟಿ, ಕೊಲೆಗಳ ಸುದ್ದಿಗೆ ಆಗ ಊರೇ ನಡುಗುತ್ತಿತ್ತು; ಯಾರ ಅಂಜಿಕೆ ಯಾವುದರಿಂದ ಎಂದು ಕೇಳುವವರಾರು? ರಜಾಕಾರರ ಭಯ ತಲೆಗೇರಿದೆ ಎಂದಳು ಅವ್ವ. ಜ್ವರ ತಲೆಯಲ್ಲಿ ಉಳಿದಿದೆ ಎಂದು ನಾನು ಗುಳಿಗೆ ಮುಂದುವರಿಸಿದೆ.

“ಈ ಗುಳಿಗಿ ಬ್ಯಾಡರೀ. ಹೊಟ್ಟ್ಯಾಗ ಹೋದ್ರ ನಾ ನಾನಾಗಿ ಇರಂಗಿಲ್ಲ,” ಎಂದಳು.

ತಲೆ ಕೆಟ್ಟವರು ಔಷಧ ಬೇಡ ಎನ್ನುತ್ತಾರೆಂದು ಎಲ್ಲೋ ಕೇಳಿದ್ದೆ. ಅವಳ ಮಾತೇ ನನಗೆ ಪುರಾವೆಯಾಯಿತು. ತವರಿನಿಂದ ಬಂದ ಕೆಂಪು ಬಾಳೆಹಣ್ಣಿನೊಳಗೆ ಗುಳಿಗೆ ತುರುಕಿ ಕೊಡತೊಡಗಿದೆ. ತವರಿನ ಹಣ್ಣೆಂದು ಆಸೆಯಿಂದ ತಿಂದಳು. ಒಂದು ದಿನ ಗುಳಿಗೆ ಹಲ್ಲಿಗೆ ಸಿಕ್ಕಿ ಕಹಿಯಾಯಿತು. ಕೂಗಾಡಲಿಲ್ಲ; ಉಗುಳಿ, ಅಂಗೈಯ ಮೇಲಿನ ಹಳದಿ ಚೂರು ನನಗೆ ತೋರಿಸಿದಳು. ಮರುದಿನ ಗುಳಿಗೆಯ ಡಬ್ಬಿಯ ಸಮೇತ ಅವಳನ್ನು ಕಮಲಾಪುರದಲ್ಲಿ ಬಿಟ್ಟು ಬಂದೆ.

ಮಾವ ಡಬ್ಬಿಯನ್ನು ತಿಪ್ಪೆಗೆ ಎಸೆದರಂತೆ. ಕೆಲವು ವಾರಗಳಲ್ಲಿ ಅವಳು ಮೊದಲಿನಂತಾದಳು. ಸುದ್ದಿ ಬಂದರೂ ಕರೆತರಲು ಹೋಗಲಿಲ್ಲ. ಹುಚ್ಚು ಮರಳಿದರೆ ಎಂಬ ಹೆದರಿಕೆ ಎಂದು ಎಲ್ಲರಿಗೂ ಹೇಳಿದೆ. ನಾನು ಹೆದರಿದ್ದು ಆ ಅಂಗೈಗೆ. ಕೊನೆಗೆ ಅವಳೇ ಅಪ್ಪನೊಂದಿಗೆ ಬಂದಳು. ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಇಷ್ಟು ಬರೆದು ಅವಳ ಬಳಿ ಹೋದೆ. “ಈ ಗುಳಿಗಿ ತಗೊಂಡಾಗಿಂದ ತಲಿ ನಂದಲ್ಲ ಅನಸ್ತದ,” ಎಂದೆ.

“ಹಂಗಾರ ಗುಳಿಗೀದೇ ಇರಬೇಕು. ನಡೀರಿ, ಡಾಕ್ಟರಿಗೆ ಹೇಳೂಣು.”

“ಅವತ್ತು ನೀ ಹೇಳಿದ್ದು ನಾ ನಂಬಲಿಲ್ಲ.”

“ಗೊತ್ತದರೀ. ಛತ್ರಿ ತಗೋರಿ, ಬಿಸಲದ.”

ಜೇವರ್ಗಿ ಕಾಲೋನಿಯ ಡಾಕ್ಟರು ಕೇಳಿಸಿಕೊಂಡರು, ಈ ಗುಳಿಗೆಯಿಂದ ಹಾಗಾಗುವುದುಂಟು ಎಂದರು, ಹಂತಹಂತವಾಗಿ ಇಳಿಸಲು ಬರೆದುಕೊಟ್ಟರು. ಮನೆಗೆ ಬಂದು ಅವಳು ಬಾಳೆಹಣ್ಣು ಮುರಿದಳು. ಎಂದಿನಂತೆ ಒಳಗೆ ನೋಡಿದಳು. ನಾನು ಪೇಪರು ಎತ್ತಿಕೊಳ್ಳಲಿಲ್ಲ.