ಹೆಂಚು ಬಿದ್ದರೆ ಬೈಯಬಾರದು
ಇವತ್ತು ಸವಣೂರಿನಲ್ಲಿ ನನ್ನ ಮೊಮ್ಮಗಳ ತಂಡ ಬಾಸ್ಕೆಟ್‌ಬಾಲ್ ಗೆದ್ದಿತು! ಅದೂ ಯಾರ ಮೇಲೆ? ಅವಳನ್ನು ಆಟದಿಂದ ಓಡಿಸಿದ ಆ ಮಾಸ್ತರನ ತಂಡದ ಮೇಲೆ. ನನ್ನ ಹೊಟ್ಟೆ ತಣ್ಣಗಾಯಿತು.

ಹೋದ ವರ್ಷ ಅವನು ನಮ್ಮ ತಿಳವಳ್ಳಿಯಲ್ಲೇ ಆಟ ಕಲಿಸುತ್ತಿದ್ದ. ಮೊಮ್ಮಗಳ ಕೈಯಿಂದ ಎರಡು ಸಲ ಚೆಂಡು ಜಾರಿದ್ದಕ್ಕೆ ಎಲ್ಲರೆದುರು, "ಹೋಗು, ನಿಮ್ಮಜ್ಜಿ ಸಂಗಡ ಹೆಂಚು ಹೊರು" ಎಂದು ಹೊರಗೆ ಹಾಕಿದ. ಹುಡುಗಿ ಎಷ್ಟೋ ದಿನ ಮೈದಾನದ ಕಡೆ ತಲೆ ಹಾಕಲಿಲ್ಲ. ಆಮೇಲೆ ಅವನು ಹಿರೇಕೆರೂರಿನ ಕಡೆಯ ದೊಡ್ಡ ಶಾಲೆ ಸೇರಿದ. ಅವನ ಜಾಗಕ್ಕೆ ಇಲ್ಲಿಗೆ ಬಂದ ಹೊಸ ಟೀಚರ್‌ಗೆ ಆಟದ ನಿಯಮವೆಲ್ಲ ಗೊತ್ತು, ಆದರೆ ಹುಡುಗಿಯರ ಕೈಯಲ್ಲಿ ಚೆಂಡು ನಿಲ್ಲುತ್ತಿರಲಿಲ್ಲ.

ನಾನು ಓದಿದ್ದು ಎರಡನೆಯ ಇಯತ್ತೆ. ಆದರೆ ಮನೆಗಳಿಗೆ ಹೆಂಚು ಹೊದಿಸುವಾಗ ಸಾಲಿನಲ್ಲಿ ನಿಂತು, ಕೈಯಿಂದ ಕೈಗೆ ಹೆಂಚು ಎಸೆದು ಹಿಡಿದೇ ಮುದುಕಿಯಾದವಳು. ಮೊಮ್ಮಗಳ ರಟ್ಟೆ ಹಿಡಿದು ಶಾಲೆಗೆ ನಡೆದೆ.

"ಟೀಚರ್, ಸಂಜಿಗೆ ಅರ್ಧ ತಾಸು ಈ ಹುಡುಗ್ಯಾರ್ನ ನನಗ ಬಿಡ್ರಿ."

"ಅಜ್ಜಿ, ನಿಮಗ ಈ ಆಟ ಬರ್ತೈತೇನ್ರಿ?"

"ಆಟ ನೀವ್ ಕಲಸ್ರಿ. ಕೈ ನಾ ಕಲಸ್ತೇನಿ."

ಹುಡುಗಿಯರನ್ನು ಸಾಲಿನಲ್ಲಿ ನಿಲ್ಲಿಸಿ, ಕೈಯಿಂದ ಕೈಗೆ ಚೆಂಡು ದಾಟಿಸುತ್ತ ಹೇಳಿಕೊಟ್ಟೆ. ಹಿಡಿಯುವಾಗ ಕೈಯನ್ನು ಎದೆಯ ಕಡೆ ಎಳೆದುಕೊಳ್ಳಬೇಕು, ಬಿರುಸು ಕೈಗೆ ಬಂದ ಹೆಂಚು ಒಡೆಯುತ್ತದೆ. ಎಸೆಯುವ ಮೊದಲು ಹಿಡಿಯುವವಳ ಮುಖ ನೋಡಬೇಕು. ಎಲ್ಲಕ್ಕಿಂತ ದೊಡ್ಡದು, ಬಿದ್ದರೆ ಯಾರೂ ಬೈಯಬಾರದು. "ಮುಂದಿಂದು" ಅನ್ನಬೇಕು, ಅಷ್ಟೆ. ಬೈದರೆ ಕೈ ಬಿಗಿಯುತ್ತದೆ, ಮುಂದಿನದೂ ಬೀಳುತ್ತದೆ. ಇಷ್ಟು ಹೇಳಿದೆ, ಆದರೆ ಒಬ್ಬಳು ಚೆಂಡು ಬಿಟ್ಟ ಕೂಡಲೇ ನನ್ನ ಬಾಯೇ ಮೊದಲು ತಪ್ಪಿತು.

"ಕಣ್ಣ ಎಲ್ಲಿಟ್ಟಿ, ಕತ್ತೆ!"

"ಅಜ್ಜಿ, 'ಮುಂದಿಂದು' ಅನ್ನು!" ಎಂದಳು ಮೊಮ್ಮಗಳು. ಸಾಲಿಗೆ ಸಾಲೇ ನಕ್ಕಿತು. ಅವಳೂ ನಕ್ಕಳು, ಎಷ್ಟೋ ದಿನದ ಮೇಲೆ.

ಇವತ್ತು ಮಾಸ್ತರನ ಹುಡುಗಿಯರು ನಮ್ಮವರಿಗಿಂತ ಗೇಣುದ್ದ ಎತ್ತರ. ಅರ್ಧ ಆಟದವರೆಗೂ ಅವರೇ ಮುಂದೆ. ಆಮೇಲೆ ಒಬ್ಬಳು ಚೆಂಡು ಬಿಟ್ಟಳು, ಮಾಸ್ತರ ಅರಚಿದ. ಇನ್ನೊಬ್ಬಳು ಬಿಟ್ಟಳು, ಕುಣಿದು ಅರಚಿದ. ಪಾಪ, ಆ ಮಕ್ಕಳು ಚೆಂಡು ಬಿಟ್ಟು ಅವನ ಮುಖವನ್ನೇ ನೋಡತೊಡಗಿದರು. ಬೈ ಮಾಸ್ತರ, ಇನ್ನೂ ಬೈ, ಎಂದು ನಾನು ಸೆರಗಿನೊಳಗೆ ನಗುತ್ತಿದ್ದೆ. ಕೊನೆಗೆ ನನ್ನ ಮೊಮ್ಮಗಳೂ ಚೆಂಡು ಬಿಟ್ಟಳು. ಉಳಿದ ನಾಲ್ವರೂ "ಮುಂದಿಂದು!" ಎಂದು ಕೂಗಿದರು. ಮುಂದಿನದನ್ನು ಹಿಡಿದಳು, ಗೆಳತಿಯ ಮುಖ ನೋಡಿ ಕೊಟ್ಟಳು, ಅವಳು ಬುಟ್ಟಿಗೆ ಹಾಕಿದಳು. ಒಂದೇ ಬುಟ್ಟಿಯಿಂದ ಗೆದ್ದೆವು.

ನೆಟ್ಟಗೆ ಮಾಸ್ತರನ ಹತ್ತಿರ ಹೋದೆ. "ನಮಸ್ಕಾರ್ರಿ ಸರ. ನಾವ್ ಗೆದ್ದಿದ್ದು ನಿಮ್ಮ ಬಾಯಿಂದ ನೋಡ್ರಿ."

"ಅಜ್ಜಿ, ಅವತ್ತ ನಾ ಏನೋ ಸಿಟ್ಟಿನ್ಯಾಗ..."

"ಆ ಮಾತು ನನಗಲ್ಲರಿ. ಇಕಿ ಮುಂದ ಹೇಳ್ರಿ."

ಅವನು ಎಲ್ಲರೆದುರು "ತಪ್ಪಾತವಾ" ಎಂದ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕುಳಿತೆವು. ರೊಟ್ಟಿ, ಬದನೆಕಾಯಿ ಎಣಗಾಯಿ. ನಾನು ಮಾಸ್ತರನ ಮುಖ ಹೇಗೆ ಬಾಡಿತೆಂದು ಮೂರನೆಯ ಸಲ ಹೇಳುತ್ತಿದ್ದೆ.

"ಸಾಕ ಬಿಡಬೇ ಅವ್ವ, ಪಾಪ" ಎಂದ ಮಗ.

"ಪಾಪ ನಾಳೆ ಅನ್ನೂಣು. ಹೇಳು ಅಜ್ಜಿ, ಇನ್ನೊಮ್ಮೆ ಹೇಳು" ಎಂದಳು ಮೊಮ್ಮಗಳು, ತಾಯಿಯ ಕಡೆ ತಾಟು ಚಾಚಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತ.