ಚಂದ್ರಲೋಕಕ್ಕೆ ಪರವಾನಗಿ

ನಿಜಾಮರ ಕಾಲದಲ್ಲಿ ನಾನು ಕಮಲಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ವಿಜ್ಞಾನದ ಕಲ್ಪಿತ ಕಥೆಗಳ ಹುಚ್ಚು ಹತ್ತಿದ್ದ ನಾವು ಏಳೆಂಟು ಮಂದಿ ಶುಕ್ರವಾರದ ರಜೆಗೆ ಕೂಡಿ, ಬರೆದದ್ದನ್ನು ಓದಿಕೊಳ್ಳುತ್ತಿದ್ದೆವು. ಮುಂದಿನ ಬೈಠಕ್ಕನ್ನು ಕಲಬುರಗಿಯ ಶಹಾಬಜಾರದಲ್ಲಿ, ಗೆಳೆಯನೊಬ್ಬನ ಮನೆಯಲ್ಲಿ, ಆಸಕ್ತರನ್ನೆಲ್ಲ ಕರೆದು ನಡೆಸೋಣ ಎಂದಾಯಿತು. ಸಭೆ ಎಂದಮೇಲೆ ಸರಕಾರದ ಪರವಾನಗಿ ಬೇಕು. ಅರ್ಜಿಯ ಜೊತೆ, ಅಲ್ಲಿ ಓದಲಿದ್ದ ನನ್ನ ಕಥೆಯನ್ನೂ ಹಿಡಿದು ಪೊಲೀಸ್ ಅಮೀನರ ಮುಂದೆ ನಿಂತೆ.

ಅವರು ಒಂದು ಹಾಳೆ ಓದಿ ತಲೆ ಎತ್ತಿದರು. “ಮಾಸ್ತರ್ರ, ಈ ಮಂದಿ ಚಂದ್ರಲೋಕಕ್ಕ ಹೋಗ್ಯಾರಲ್ಲ, ಅಲ್ಲಿ ಯಾರ ಹುಕೂಮತ್ ಐತಿ?”

“ಅಲ್ಲಿ ಮಂದೀನ ಇಲ್ರೀ ಸಾಹೇಬ್ರ. ರಾಜಾ ಎಲ್ಲಿಂದ ಬರಬೇಕ್ರಿ?”

“ರಾಜಾ ಇಲ್ಲದ ರಾಜ್ಯ ಅಂತ ಸಭಾದಾಗ ಓದ್ತೀರೇನು?”

ನೌಕರಿ ಹೋಯಿತು ಎಂದುಕೊಂಡೆ. ಅವರು ಮಾತ್ರ ಮತ್ತೆ ಓದತೊಡಗಿದರು. ಹೊರಗೆ ಕಾದವರು ಕಾದೇ ಇದ್ದರು. ಕೊನೆಯ ಹಾಳೆ ಮುಗಿಸಿ, “ಯಂತ್ರ ಕೆಟ್ಟು ಇವರು ಅಲ್ಲೇ ಉಳದಾರ. ಮುಂದೇನಾತು?” ಅಂದರು.

“ಇನ್ನೂ ಬರದಿಲ್ರೀ.”

“ಶುಕ್ರವಾರದೊಳಗ ಬರೀರಿ” ಎಂದು ಅರ್ಜಿಯ ಮೇಲೆ ಮೊಹರು ಒತ್ತಿದರು.

ಆ ಶುಕ್ರವಾರ ಅಮೀನರು ಸಾದಾ ಬಟ್ಟೆಯಲ್ಲಿ ಬಂದು ಎಲ್ಲರಿಗಿಂತ ಮುಂದೆ ಕೂತರು. ನಾನು ಕಥೆಯ ಮಂದಿಯನ್ನೆಲ್ಲ ಕ್ಷೇಮವಾಗಿ ಭೂಮಿಗೆ ಇಳಿಸಿದೆ. ಕೂತವರೆಲ್ಲ ಖುಷಿಪಟ್ಟರು. ಅಮೀನರಿಗೆ ಮಾತ್ರ ಸಮಾಧಾನವಾಗಲಿಲ್ಲ.

“ಇಷ್ಟು ಲಗೂ ಯಾಕ ಕರಕೊಂಡು ಬಂದ್ರಿ?” ಎಂದು ಕೇಳಿದರು.

ಪೊಲೀಸರು ಗಡುವು ಕೊಟ್ಟರೆ ಕಥೆ ಹೀಗೇ ಮುಗಿಯುತ್ತದೆ ಎನ್ನುವ ಧೈರ್ಯ ನನಗಿರಲಿಲ್ಲ. ಅವರಿಗೆ ಇನ್ನೊಂದು ಕಪ್ ಚಹಾ ಕೊಟ್ಟೆ.