ಹರಿಹರದ ಬುಕ್ಕು ನೋಡು

ಮೊನ್ನೆ ಎಂ.ಸಿ.ಸಿ. ಬಡಾವಣೆಯಲ್ಲಿ ಇಸ್ತ್ರಿ ಗಾಡಿಯ ಪಕ್ಕ ಹಾದುಹೋಗುವಾಗ, ನೀರು ಚಿಮುಕಿಸಿದ ಉಣ್ಣೆ ಬಟ್ಟೆಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿಯೇ ನಿಂತಿತು. ನಮ್ಮ ಟೈಲರ್ ಚಾಚಾ ನೆನಪಾದರು...

ಎಪ್ಪತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ಚಾಚಾರ ಅಂಗಡಿ, ಹರಿಹರದಲ್ಲಿ ಅವರ ತಮ್ಮನದು. ನನ್ನಂತೆ ಮನೆ ಇಲ್ಲಿ, ಕೆಲಸ ಅಲ್ಲಿ ಅನ್ನುವವರು ಬಟ್ಟೆಯನ್ನು ಎರಡರಲ್ಲಿ ಎಲ್ಲಿ ಬೇಕಾದರೂ ಕೊಡುತ್ತಿದ್ದರು. ಅಳತೆ ಮಾತ್ರ ಒಬ್ಬರ ಬುಕ್ಕಿನಲ್ಲಿರುತ್ತಿತ್ತು. ಇನ್ನೊಬ್ಬರ ಬುಕ್ಕಿನಲ್ಲಿ ‘ಹರಿಹರದ ಬುಕ್ಕು ನೋಡು, ಹಾಳೆ ಇಷ್ಟು’ ಎಂದಷ್ಟೇ. ಬೇಕಾದಾಗ ಬಸ್ ಕಂಡಕ್ಟರ್ ಕೈಲಿ ಚೀಟಿ ಕಳಿಸಿ ತರಿಸಿಕೊಳ್ಳುತ್ತಿದ್ದರು.

“ಎರಡೂ ಕಡೆ ಬರ್ಕಂಡ್ರೆ ಒಂದು ತಿದ್ದಿ ಇನ್ನೊಂದು ಮರೀತೀವ್ರಿ” ಎನ್ನುತ್ತಿದ್ದರು ಚಾಚಾ, ಬಹಳ ಹೆಮ್ಮೆಯಿಂದ.

ನನ್ನ ಮದುವೆಗೆ ನಾಲ್ಕು ದಿನವಿತ್ತು. ಕೋಟಿನ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿರಲಿಲ್ಲ. ಚಾಚಾ ಹೊಸ ಬುಕ್ಕು ತೆಗೆದರು. ‘ಹರಿಹರದ ಬುಕ್ಕು ನೋಡು’ ಎಂದಿತ್ತು. ಬುಕ್ಕಿನಲ್ಲಿರುವ ಅಳತೆಯನ್ನು ಮತ್ತೆ ತೆಗೆಯುವುದೆಂದರೆ ಚಾಚಾರಿಗೆ ಅವಮಾನ. ಚೀಟಿ ಕಳಿಸುವಷ್ಟು ಪುರುಸೊತ್ತಿಲ್ಲ ಎಂದು ನನ್ನ ಸ್ಕೂಟರ್ ಹತ್ತಿ ಕೂತರು, ಬುಕ್ಕನ್ನು ಕಂಕುಳಲ್ಲಿ ಅವುಚಿಕೊಂಡು.

ಹರಿಹರದಲ್ಲಿ ತಮ್ಮನೂ ಹೊಸ ಬುಕ್ಕು ಬಿಚ್ಚಿದ. ನನ್ನ ಹೆಸರಿನ ಮುಂದೆ ‘ಭಾಯ್ ಬುಕ್ಕು ನೋಡು’ ಎಂದಿತ್ತು. ಮುಂದಿನ ಹಾಳೆಯಲ್ಲೂ ಅದೇ. ಅದರ ಮುಂದಿನದರಲ್ಲೂ...

ಹಳೇ ಬುಕ್ಕುಗಳು ಹರಿದಿದ್ದವೆಂದು ಇಬ್ಬರೂ ಆ ವಾರವೇ ಹೊಸದು ಮಾಡಿದ್ದರು. ಅಳತೆಗಳೆಲ್ಲ ಇನ್ನು ಒಂದೇ ಬುಕ್ಕಿನಲ್ಲಿರಲಿ ಎಂದು ಮಾತಾಗಿತ್ತು; ಅವನು ಬರೆದುಕೊಂಡಿರುತ್ತಾನೆ ಎಂದು ಇವರು, ಇವರು ಬರೆದುಕೊಂಡಿರುತ್ತಾರೆ ಎಂದು ಅವನು. ಹಳೆಯವು ರದ್ದಿಗೆ ಹೋಗಿದ್ದವು. ಎರಡೂ ಊರಿನ ಎದೆ, ಸೊಂಟ, ತೋಳುಗಳು ಈಗ ಎಲ್ಲೂ ಇರಲಿಲ್ಲ.

ಅಣ್ಣತಮ್ಮ ಉರ್ದುವಿನಲ್ಲಿ ಸ್ವಲ್ಪ ಹೊತ್ತು ಜಗಳಾಡಿದರು. ಆಮೇಲೆ ಚಾಚಾ ಸ್ಟೂಲಿನ ಮೇಲೆ ಕುಸಿದು ಕೂತರು. “ಯಾರಿಗೂ ಹೇಳಬ್ಯಾಡ್ರಿ. ಮೂವತ್ತು ವರ್ಷದ ಹೆಸರೈತೆ.” ನಾನು ಮಾತು ಕೊಟ್ಟೆ. ಅಲ್ಲೇ ನನ್ನ ಅಳತೆ ತೆಗೆದರು.

ಮರುದಿನದಿಂದ, ಅಂಗಡಿಗೆ ಬಂದ ಹಳೇ ಗಿರಾಕಿಗಳನ್ನೆಲ್ಲ ಚಾಚಾ ಮೇಲಿಂದ ಕೆಳಗೆ ನೋಡತೊಡಗಿದರು. “ಸ್ವಲ್ಪ ಮೈ ಬಂದಂಗೈತ್ರಿ, ಒಂದ್ಸಲ ಅಳತೆ ನೋಡಾಣ.” ತೆಳ್ಳಗಿದ್ದವರಿಗೆ, “ಯಾಕ್ರಿ, ಹಿಂಗ್ಯಾಕ ಸೊರಗೀರಿ?” ನಮ್ಮ ಬೀದಿಯ ಲೈಬ್ರರಿಯನ್ ಒಬ್ಬರು ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದರು. ನಮ್ಮಪ್ಪ ಬೆಣ್ಣೆದೋಸೆ ಬಿಟ್ಟರು. ಬೆಳಿಗ್ಗೆ ಎದ್ದು ಊರಾಚೆಯ ಬಾತಿಯ ಕಡೆ ನಡೆಯಲು ಶುರು ಮಾಡಿದರು.

ಮದುವೆ ಊಟದಲ್ಲಿ ಅಪ್ಪ ಅರ್ಧ ಹೋಳಿಗೆಗೇ ಕೈ ತಡೆದರು. “ಮಗನ ಮದುವ್ಯಾಗಾದ್ರೂ ಒಂದು ಪೂರ್ತಿ ತಿನ್ರಿ” ಎಂದು ಅಮ್ಮ ಗೋಗರೆದಳು. ಅಳತೆಗೆ ಸರಿಯಾಗಿ ಕೂತ ಕೋಟಿನೊಳಗೆ ನಾನು ಬೆವರುತ್ತಿದ್ದೆ.

ಆ ನಡಿಗೆಯನ್ನು ಅಪ್ಪ ಇಪ್ಪತ್ತು ವರ್ಷ ಬಿಡಲಿಲ್ಲ. “ನಂಗೆ ಮೈ ಬಂದಿದ್ದನ್ನ ಡಾಕ್ಟ್ರಿಗಿಂತ ಮೊದ್ಲು ಕಂಡುಹಿಡಿದಾತ ನೀನಪ್ಪ” ಎಂದು ಅಂಗಡಿಗೆ ಹೋದಾಗೆಲ್ಲ ಹೊಗಳುತ್ತಿದ್ದರು. ಚಾಚಾ ನನ್ನ ಕಡೆ ನೋಡದೆ, ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಬಿಡುತ್ತಿದ್ದರು.

ಮೊದಲು ಚಾಚಾ ಹೋದರು, ಆಮೇಲೆ ಅಪ್ಪ. ಕೊಟ್ಟ ಮಾತು ಕಾಯುವ ಅಗತ್ಯ ಈಗ ನನಗಿಲ್ಲ. ಆದರೆ ಇದನ್ನು ಹೇಳಿ ಮುಗಿಸಿದಾಗ ಯಾರ ಮುಖ ನೋಡಬೇಕೆಂದು ಇಷ್ಟು ವರ್ಷ ಅಂದುಕೊಂಡಿದ್ದೆನೋ, ಆ ಇಬ್ಬರೂ ಇಲ್ಲ.